ಅಂಗಡಿ ಕರೆಂಟ್ ಬಿಲ್‌ನಲ್ಲೇ ಇದೆ ಎಸ್ಸೆಸ್ಸೆಲ್ಸಿ ಫಿಸಿಕ್ಸ್ ಲೆಕ್ಕ

ಟಿ. ದಾಸರಹಳ್ಳಿ: ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ವಿದ್ಯುತ್ ಪಾಠ ಅಂದ್ರೆ ಮಕ್ಕಳಿಗೆ ಭಯ. ಸೂತ್ರ ಬಾಯಿಪಾಠ ಇರುತ್ತೆ, ಲೆಕ್ಕ ಕೊಟ್ಟರೆ ಉತ್ತರ ತಪ್ಪುತ್ತೆ. ಎಡವೋದು ಹೆಚ್ಚಾಗಿ ವ್ಯಾಟ್, ಕಿಲೋವ್ಯಾಟ್ ಬದಲಾಯಿಸುವಾಗ.

ಪಕ್ಕದ ಇಸ್ತ್ರಿ ಅಂಗಡಿಯನ್ನೇ ತಗೊಳ್ಳಿ. 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆ, ದಿನಕ್ಕೆ 6 ಗಂಟೆ, 30 ದಿನ. ಗುಣಿಸಿದರೆ 1,80,000. ಅದನ್ನೇ ಯೂನಿಟ್ ಅಂತ ಬರೆದರೆ ಮಾರ್ಕ್ಸ್ ಹೋಯ್ತು, ಅದು ವ್ಯಾಟ್-ಗಂಟೆ. ಬೆಸ್ಕಾಂ ಬಿಲ್‌ನ 1 ಯೂನಿಟ್ ಅಂದ್ರೆ 1 ಕಿಲೋವ್ಯಾಟ್-ಗಂಟೆ. 1000ದಿಂದ ಭಾಗಿಸಿ, 180 ಯೂನಿಟ್. (ಪೆಟ್ಟಿಗೆ ಕಾದ ಮೇಲೆ ತಾನೇ ಆಫ್ ಆಗಿ ಆನ್ ಆಗೋದರಿಂದ ಮೀಟರ್‌ನಲ್ಲಿ ಕಮ್ಮಿ ಬರುತ್ತೆ. ಪರೀಕ್ಷೆಯಲ್ಲಿ ಅದು ಬೇಡ.) ಜೂಲ್‌ನಲ್ಲಿ ಕೇಳಿದರೆ 1 ಯೂನಿಟ್‌ಗೆ 36 ಲಕ್ಷ ಜೂಲ್.

ಇನ್ನೊಂದು ಲೆಕ್ಕ ಅಂಗಡಿಯವರೂ ನೋಡಬೇಕು. ಹತ್ತನೇ ತರಗತಿ ಪುಸ್ತಕದಲ್ಲೇ ಇದೆ: 220 ವೋಲ್ಟ್, 5 ಆಂಪಿಯರ್ ಮಿತಿಯ ಮನೆ ಲೈನ್‌ಗೆ 2 ಕಿಲೋವ್ಯಾಟ್ ಓವನ್ ಹಾಕಿದರೆ ಏನಾಗುತ್ತೆ?

ಮೊದಲು ಕಿಲೋವ್ಯಾಟನ್ನು ವ್ಯಾಟ್ ಮಾಡಿ, 2000. ಅದನ್ನ 220ರಿಂದ ಭಾಗಿಸಿದರೆ ಸುಮಾರು 9.1 ಆಂಪಿಯರ್. ಮಿತಿಯ ಹತ್ತಿರ ಹತ್ತಿರ ಎರಡು ಪಟ್ಟು! ಸರಿಯಾದ ಫ್ಯೂಸ್ ಇದ್ದರೆ ಹಾರುತ್ತೆ. ಅದರ ಜಾಗದಲ್ಲಿ ದಪ್ಪ ತಂತಿ ಸುತ್ತಿದ್ದರೆ ಹಾರಲ್ಲ, ಗೋಡೆಯೊಳಗಿನ ವೈರ್ ಕಾಯುತ್ತೆ. ಕರೆಂಟ್ ಎರಡು ಪಟ್ಟಾದರೆ ವೈರ್‌ನಲ್ಲಿ ಶಾಖ ನಾಲ್ಕು ಪಟ್ಟು. ಬೆಂಕಿ ಹತ್ತೋದು ಹೀಗೇ.

ಓವನ್, ಹೀಟರ್ ಹಿಂದೆ ಅಂಟಿಸಿರೋ ಚೀಟಿಯಲ್ಲಿ ವ್ಯಾಟ್ ಬರೆದಿರುತ್ತೆ. 220ರಿಂದ ಭಾಗಿಸಿ, ಪ್ಲಗ್ ಮೇಲಿರೋ ಆಂಪಿಯರ್ ಜೊತೆ ಹೋಲಿಸಿ ನೋಡಿ. ಮನೇಲಿ ಹತ್ತನೇ ತರಗತಿ ಮಕ್ಕಳಿದ್ದರೆ ಅವರ ಕೈಲೇ ಮಾಡಿಸಿ.