ಮಂಡಿನೋವಿಗೆ ವಿಶ್ರಾಂತಿಯೊಂದೇ ಮದ್ದಲ್ಲ

ಜನಕಪುರಿಯಲ್ಲಿ ಲಿಫ್ಟ್ ಇಲ್ಲದ ಹಳೆಯ ಡಿಡಿಎ ಕಟ್ಟಡಗಳು ಅನೇಕ. ಅಲ್ಲಿ ಎರಡು, ಮೂರನೆಯ ಮಹಡಿಗಳಲ್ಲಿ ನೆಲೆಸಿರುವ ನಮ್ಮ ಹಿರಿಯರಿಗೆ ಮಂಡಿನೋವು ಬಂದಿತೆಂದರೆ ಮೊದಲು ತಪ್ಪುವುದು ಬೆಳಗಿನ ನಡಿಗೆ. ಅನಂತರ ತರಕಾರಿ ಮಾರುಕಟ್ಟೆ. ಕಡೆಗೆ ಯುಗಾದಿ, ರಾಜ್ಯೋತ್ಸವಗಳ ಕನ್ನಡ ಕೂಟ. "ನೋವಿದೆ, ಓಡಾಡಬೇಡಿ" ಎಂದು ಮನೆಯವರಾದ ನಾವೇ ಪ್ರೀತಿಯಿಂದ ಅವರನ್ನು ಕೂರಿಸಿಬಿಡುತ್ತೇವೆ. ಫಿಸಿಯೋಥೆರಪಿ ಹೇಳುವುದು ಇದಕ್ಕೆ ವಿರುದ್ಧವಾದ ಮಾತನ್ನು.

ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದೆದಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಕಾಲು ಮಡಿಚಿ ಚಾಚುವಾಗ, ಭಾರ ಬಿದ್ದು ಇಳಿಯುವಾಗ, ಸ್ಪಂಜು ನೀರನ್ನು ಹೀರಿ ಬಿಡುವಂತೆ ಆ ದ್ರವವು ಒಳಹೊರಗೆ ಚಲಿಸುತ್ತದೆ. ಚಲನೆ ನಿಂತರೆ ಪೋಷಣೆ ಕುಂದಿ ಕೀಲು ಬಿಗಿಯುತ್ತದೆ. ಬಳಕೆಯಿಲ್ಲದೆ ತೊಡೆಯ ಸ್ನಾಯುಗಳೂ ಸೊರಗಿ, ಮಂಡಿಗೆ ಆಸರೆ ತಪ್ಪುತ್ತದೆ. ನೋವಿನಿಂದ ವಿಶ್ರಾಂತಿ, ವಿಶ್ರಾಂತಿಯಿಂದ ದೌರ್ಬಲ್ಯ, ದೌರ್ಬಲ್ಯದಿಂದ ಮತ್ತಷ್ಟು ನೋವು: ಈ ವರ್ತುಲವನ್ನು ಮುರಿಯುವುದೇ ಚಿಕಿತ್ಸೆಯ ಗುರಿ.

ಶಾಖ ಮತ್ತು ವಿದ್ಯುತ್ ಯಂತ್ರಗಳು ಕೊಡುವ ಉಪಶಮನ ತಾತ್ಕಾಲಿಕ. ಬಾಳುವ ಗುಣ ವ್ಯಾಯಾಮದ್ದು. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, 5 ಎಣಿಸುವವರೆಗೆ ಹಿಡಿದು, ನಿಧಾನವಾಗಿ ಇಳಿಸುವುದು ಅಂಥದೊಂದು ಸರಳ ಅಭ್ಯಾಸ. ಪ್ರತಿ ಕಾಲಿಗೆ 10 ಬಾರಿಯಿಂದ ಆರಂಭಿಸಬಹುದು. ತುಸು ನೋವು ಸಹಜ. ಮರುದಿನವೂ ಅದು ಹೆಚ್ಚಾಗಿಯೇ ಉಳಿದರೆ ಪ್ರಮಾಣವನ್ನು ತಗ್ಗಿಸಬೇಕು. ಫಲ ಕಾಣಲು 6ರಿಂದ 12 ವಾರಗಳ ತಾಳ್ಮೆ ಬೇಕು. ಸವೆದ ಮೃದ್ವಸ್ಥಿ ಮರಳಿ ಬೆಳೆಯುವುದಿಲ್ಲ. ಆದರೆ ಸ್ನಾಯು ಬಲಗೊಂಡಾಗ ನೋವು ತಗ್ಗಿ ನಡಿಗೆ ಸುಧಾರಿಸುತ್ತದೆ.

ಮೆಟ್ಟಿಲಿಗೂ ಒಂದು ಕ್ರಮವುಂಟು. ಕೈಪಿಡಿ ಹಿಡಿದು, ಹತ್ತುವಾಗ ಗಟ್ಟಿಯಾದ ಕಾಲನ್ನು ಮೊದಲು ಇಡಬೇಕು. ಇಳಿಯುವಾಗ ನೋವಿರುವ ಕಾಲನ್ನು. ದೆಹಲಿಯ ಚಳಿಗಾಲದಲ್ಲಿ ಹೊರಗೆ ಹೋಗಲಾಗದ ದಿನಗಳಲ್ಲಿಯೂ ಮನೆಯೊಳಗಿನ ಅಭ್ಯಾಸ ತಪ್ಪಬಾರದು.

ಮಂಡಿ ಕೆಂಪೇರಿ ಜ್ವರ ಬಂದರೆ, ಬಿದ್ದ ಬಳಿಕ ಕಾಲೂರಲಾಗದಿದ್ದರೆ, ಮೀನಖಂಡ ಹಠಾತ್ತನೆ ಊದಿಕೊಂಡರೆ ವ್ಯಾಯಾಮ ಮಾಡದೆ ಕೂಡಲೇ ವೈದ್ಯರನ್ನು ಕಾಣಬೇಕು. ಹೃದ್ರೋಗ ಮೊದಲಾದ ತೊಂದರೆಗಳಿರುವವರು ಅರ್ಹ ಫಿಸಿಯೋಥೆರಪಿಸ್ಟರಿಗೆ ಅದನ್ನು ತಿಳಿಸಿಯೇ ಅಭ್ಯಾಸವನ್ನು ಆರಂಭಿಸಬೇಕು.

ಮನೆಯ ಹಿರಿಯರಿಗೆ ಮಾತ್ರೆಯನ್ನು ನೆನಪಿಸುವಂತೆ ವ್ಯಾಯಾಮವನ್ನೂ ನೆನಪಿಸೋಣ. ಸಾಧ್ಯವಾದರೆ ಅವರೊಡನೆ ಕುಳಿತು ನಾವೂ ಮಾಡೋಣ. ಮುಂದಿನ ಕನ್ನಡ ಕೂಟಕ್ಕೆ ಅವರು ತಾವಾಗಿಯೇ ಮೆಟ್ಟಿಲಿಳಿದು ಬರುವಂತಾಗಲಿ.