ಹಳೆಯ ಟ್ರ್ಯಾಕ್ಟರಿಗೆ ಲೋಡರ್: ಎಣ್ಣೆ ಎಲ್ಲಿಂದ ತರುವುದು?

ಪ್ರಶ್ನೆ: ನಮ್ಮ ಹಳೆಯ ಮ್ಯಾಸ್ಸಿ 35 ಟ್ರ್ಯಾಕ್ಟರಿನ ಮುಂದೆ ಲೋಡರ್ ಕೂರಿಸುತ್ತಿದ್ದೇವೆ. ಲಿಫ್ಟಿನ ಎಣ್ಣೆಯನ್ನೇ ಅದಕ್ಕೂ ಬಳಸಬಹುದೇ?

ಉತ್ತರ: ಬಳಸಬಹುದು, ಆದರೆ ಕೆಲಸ ಹಿಡಿತಕ್ಕೆ ಸಿಗುವುದಿಲ್ಲ. ಫರ್ಗೂಸನ್ ಪದ್ಧತಿಯ ಈ ಟ್ರ್ಯಾಕ್ಟರಿನಲ್ಲಿ ಪಂಪು ಹಿಂದಿನ ಹೌಸಿಂಗಿನ ಎಣ್ಣೆಯೊಳಗೇ ಇದೆ. ಅದನ್ನು ನಿಯಂತ್ರಿಸುವ ವಾಲ್ವು ಎಣ್ಣೆ ಒಳಬರುವ ಬದಿಯಲ್ಲಿದೆ. ಲಿಫ್ಟಿಗೆ ಬೇಡದಿದ್ದಾಗ ಪಂಪು ತಿರುಗಿದರೂ ಎಣ್ಣೆ ತಳ್ಳುವುದಿಲ್ಲ. ಲೋಡರಿಗೆ ಬೇಕಾದದ್ದು ಸದಾ ಹರಿಯುವ ಎಣ್ಣೆ.

ಆದ್ದರಿಂದ ಇಂಜಿನ್ನಿನ ಮುಂದಿನ ಕ್ರ್ಯಾಂಕ್ ಪುಲ್ಲಿಯಿಂದ ತಿರುಗುವ ಬೇರೆ ಪಂಪು, ಬೇರೆ ಟ್ಯಾಂಕು ಹಾಕಿಸುವುದೇ ಲೇಸು. ಟ್ಯಾಂಕಿನಿಂದ ಪಂಪಿಗೆ ದಪ್ಪ ಪೈಪು, ಪಂಪಿನಿಂದ ಕಂಟ್ರೋಲ್ ವಾಲ್ವಿಗೆ ಒತ್ತಡ ತಡೆಯುವ ಹೋಸು, ಅಲ್ಲಿಂದ ಫಿಲ್ಟರಿನ ಮೂಲಕ ಮರಳಿ ಟ್ಯಾಂಕಿಗೆ: ಇದೇ ದಾರಿ. ವಾಲ್ವಿನಲ್ಲಿ ರಿಲೀಫ್ ಇರಲೇಬೇಕು; ಇಲ್ಲದಿದ್ದರೆ ಬಕೆಟ್ ಎಲ್ಲಾದರೂ ಸಿಕ್ಕಿಕೊಂಡಾಗ ಹೋಸು ಒಡೆಯುತ್ತದೆ. ಎಡ ಬಲದ ಸಿಲಿಂಡರುಗಳ ತಳದ ಹೋಸುಗಳು ಒಂದು ಟೀಗೆ, ಮೇಲಿನವು ಇನ್ನೊಂದು ಟೀಗೆ ಸೇರಲಿ.

ಸೋರಿಕೆ ಹುಡುಕಲು ಬೆರಳು ಆಡಿಸಬೇಡಿ. ಕೂದಲೆಳೆಯಷ್ಟು ಸಣ್ಣ ಎಣ್ಣೆಧಾರೆಯೂ ಚರ್ಮ ತೂರಿ ಒಳಹೊಕ್ಕು ಕೈಯನ್ನೇ ಕಳೆಯಬಲ್ಲದು. ರಟ್ಟಿನ ತುಂಡು ಹಿಡಿದು ನೋಡಿ. ಪೈಪು ಬಿಚ್ಚುವ ಮೊದಲು ಬಕೆಟ್ ನೆಲಕ್ಕಿಳಿಸಿ, ಇಂಜಿನ್ ನಿಲ್ಲಿಸಿ, ಲಿವರ್ ಆಡಿಸಿ ಒತ್ತಡ ಇಳಿಸಿ.