ಹೊಡೆದಾಟದ ಚಿತ್ರಗಳು ಮತ್ತು ನಮ್ಮ ಪ್ರೇಕ್ಷಕರು

ಚಲನಚಿತ್ರದಲ್ಲಿ ಹೊಡೆದಾಟ ಬೇಕೆ, ಬೇಡವೆ ಎಂಬ ಚರ್ಚೆ ನಮ್ಮಲ್ಲಿ ಎಂದೂ ಮುಗಿಯುವುದಲ್ಲ. ಅದು ಅಭಿರುಚಿಗೆ ಕುಂದೆಂದು ಹಿರಿಯರಲ್ಲಿ ಹಲವರ ಎಣಿಕೆ. ಅದಿಲ್ಲದ ಚಿತ್ರ ಉಪ್ಪಿಲ್ಲದ ಸಾರೆಂದು ಕಿರಿಯರ ವಾದ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರು ಹೇರಳವಾಗಿರುವ ನಮ್ಮ ಶ್ರೀನಿವಾಸಪುರದಲ್ಲಂತೂ ಎರಡು ಭಾಷೆಗಳ ಚಿತ್ರಗಳೂ ತಕ್ಕಡಿಗೆ ಬೀಳುತ್ತವೆ. ಮಾವಿನ ಸುಗ್ಗಿಯಲ್ಲಿ ಮಂಡಿಯ ಮುಂದೆ ಕಾದು ನಿಂತವರು ಸಹ ಯಾರ ‘ಫೈಟು’ ಮೇಲೆಂದು ವಾದಿಸುವುದನ್ನು ನಾನು ಕೇಳಿದ್ದೇನೆ. ಈ ಮಾತುಗಳನ್ನು ಗಮನವಿಟ್ಟು ಕೇಳಿದರೆ, ‘ಚೆನ್ನಾಗಿದೆ’ ಎಂಬ ಒಂದೇ ಪದದಿಂದ ಬೇರೆ ಬೇರೆ ಗುಣಗಳನ್ನು ಮೆಚ್ಚುತ್ತಿರುವುದು ತಿಳಿಯುತ್ತದೆ.

ಮೊದಲನೆಯದು ಪಳಗಿದ ದೇಹ. ಗರಡಿಯ ಕುಸ್ತಿ ಕಂಡ ಹಿರಿಯರು ತೆರೆಯ ಮೇಲೂ ಪಟ್ಟು, ನಿಲುವು, ಉಸಿರು ಹುಡುಕುತ್ತಾರೆ. ‘ಮಯೂರ’ (1975) ಚಿತ್ರದ ರಾಜಕುಮಾರರ ಕುಸ್ತಿಯನ್ನು ಅವರು ಇಂದಿಗೂ ನೆನೆಯುವುದು ಇದಕ್ಕಾಗಿಯೇ. ಬ್ರೂಸ್ ಲೀಯ ‘ಎಂಟರ್ ದಿ ಡ್ರ್ಯಾಗನ್’ (1973) ಲೋಕವನ್ನೆಲ್ಲ ಗೆದ್ದುದೂ ದೇಹದ ಶಿಕ್ಷಣದಿಂದ. ಕನ್ನಡದಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಈ ಬಗೆಗೆ ಉತ್ತಮ ನಿದರ್ಶನ. ಜಪಾನಿನ ಕುರೊಸಾವಾರ ಚಿತ್ರಗಳಿಂದ ಸ್ಫೂರ್ತಿ ಪಡೆದ ಈ ಕಥೆಯಲ್ಲಿ ಕೂಲಿಗೆ ಕಾದಾಡುವ ಯೋಧನಾಗಿ ಶಂಕರ್ ನಾಗ್ ಮೊದಲ ಬಾರಿಗೆ ತೆರೆಗೆ ಬಂದರು. ಅಲ್ಲಿ ಕತ್ತಿಯ ಏಟಿಗಿಂತ ಏಟಿನ ಮುಂಚಿನ ಮೌನ ಹೆಚ್ಚು ಪರಿಣಾಮಕಾರಿ.

ಎರಡನೆಯದು ಯಂತ್ರದ ಕೈಚಳಕ. ಚಲನಚಿತ್ರವೆಂದರೆ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳ ಓಟ. ಅದಕ್ಕಿಂತ ಕಡಿಮೆ ಚಿತ್ರ ತೆಗೆದು ಅದೇ ವೇಗದಲ್ಲಿ ತೋರಿಸಿದರೆ ಕೈ ಮಿಂಚಿನಂತೆ ಬೀಸುತ್ತದೆ. ಹೆಚ್ಚು ತೆಗೆದರೆ ಧೂಳಿನ ಕಣವೂ ನಿಧಾನವಾಗಿ ಹಾರುತ್ತದೆ. ಗುದ್ದು ಮುಖದಿಂದ ಗೇಣು ದೂರದಲ್ಲೇ ಹಾದುಹೋದರೂ, ಕ್ಯಾಮೆರಾವನ್ನು ಹೆಗಲ ಹಿಂದಿಟ್ಟರೆ ಆ ಅಂತರ ಕಾಣದು. ‘ಧಡ್’ ಎಂಬ ಸದ್ದನ್ನು ಆಮೇಲೆ ಸೇರಿಸುತ್ತಾರೆ. ಆಕಾಶಕ್ಕೆ ಚಿಮ್ಮುವವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಕಂಪ್ಯೂಟರಿನಲ್ಲಿ ಅಳಿಸುತ್ತಾರೆ. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ‘ಕೆ.ಜಿ.ಎಫ್.’ (2018) ಸಾಹಸ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಪಡೆಯಿತು. 2022ರಲ್ಲಿ ಬಂದ ಅದರ ಎರಡನೆಯ ಭಾಗವನ್ನು ಸಂಕಲನ ಮಾಡಿದವರು ಉಜ್ವಲ್ ಕುಲಕರ್ಣಿ ಎಂಬ, ಹೆಚ್ಚುಕಡಿಮೆ ನಮ್ಮ ವಯಸ್ಸಿನ ತರುಣ.

ಮೂರನೆಯದು ನ್ಯಾಯದ ಕೋಪ. ಯಾರು ಯಾರನ್ನು, ಏಕೆ ಹೊಡೆಯುತ್ತಾರೆ ಎಂಬುದು ತಿಳಿಯದಿದ್ದರೆ ಎಂತಹ ಏಟಿಗೂ ಚಪ್ಪಾಳೆ ಬೀಳದು. ‘ಕೆ.ಜಿ.ಎಫ್.’ನ ನಾಯಕ ಗುಲಾಮರ ಪರವಾಗಿ ಎದ್ದಾಗ ಪ್ರೇಕ್ಷಕನೂ ಎದ್ದು ನಿಲ್ಲುತ್ತಾನೆ. ಆದರೆ ಆ ಕಥೆ ಕಲ್ಪಿತ. ನಿಜವಾದ ಗಣಿಗಳನ್ನು 1880ರ ದಶಕದಿಂದ ಜಾನ್ ಟೇಲರ್ ಕಂಪನಿ ನಡೆಸಿತು. ಬಳಿಕ ಅವು ಸರ್ಕಾರದ ವಶಕ್ಕೆ ಬಂದು 2001ರಲ್ಲಿ ಮುಚ್ಚಿದವು. ‘ನಮ್ಮ ಹಿರಿಯರು ಪಾತಾಳಕ್ಕಿಳಿದು ಕೂಲಿಗೆ ದುಡಿದವರು, ಗುಲಾಮರಲ್ಲ’ ಎಂದು ಜಿಲ್ಲೆಯ ಪ್ರೇಕ್ಷಕರು ಆಕ್ಷೇಪಿಸಿದರೆ ಅದೂ ಯೋಗ್ಯವಾದ ವಿಮರ್ಶೆಯೇ.

ಈ ಮೂರನ್ನು ಮೆಚ್ಚುವುದರಲ್ಲಿ ದೋಷವಿಲ್ಲ. ನನ್ನನ್ನು ಚಿಂತೆಗೀಡುಮಾಡುವುದು ನಾಲ್ಕನೆಯ ಮೆಚ್ಚುಗೆ: ‘ಡ್ಯೂಪ್ ಇಲ್ಲ, ನಿಜವಾಗಿಯೇ ಹಾರಿದನಂತೆ!’ ಇಲ್ಲಿ ಹೊಗಳಿಕೆ ಸಲ್ಲುತ್ತಿರುವುದು ಅಪಾಯಕ್ಕೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಎಂಬ ನಟರು ಮುಳುಗಿ ಸತ್ತರು. 2021ರ ಆಗಸ್ಟಿನಲ್ಲಿ ಬಿಡದಿಯ ಬಳಿ ಇನ್ನೊಂದು ಚಿತ್ರೀಕರಣದಲ್ಲಿ ಸಾಹಸ ಕಲಾವಿದನೊಬ್ಬ ವಿದ್ಯುತ್ತಿಗೆ ಬಲಿಯಾದ. ಚಿತ್ರದ ಮುಕ್ಕಾಲು ಪಾಲು ಕೃತಕವೆಂದು ತಿಳಿದೇ ಟಿಕೆಟ್ಟು ಕೊಳ್ಳುವ ನಾವು, ಸಾವಿನ ಸಾಮೀಪ್ಯ ಮಾತ್ರ ನಿಜವಾಗಿರಲಿ ಎಂದು ಬಯಸುವುದು ಯಾವ ರಸಿಕತೆ?

ಕುಸ್ತಿಯ ಅಖಾಡದಲ್ಲಿಯೂ ಎದುರಾಳಿಯ ಕತ್ತು ಮುರಿದವನನ್ನು ಯಾರೂ ದೊಡ್ಡ ಪೈಲ್ವಾನನೆನ್ನುವುದಿಲ್ಲ. ಪಟ್ಟು ಬಲ್ಲವನನ್ನು ಎನ್ನುತ್ತಾರೆ. ಹಗ್ಗ ಕಟ್ಟಿಕೊಂಡು ಹಾರಿದ ನಟನದೂ ತಿಂಗಳುಗಟ್ಟಲೆ ಅಭ್ಯಾಸದ ಫಲವಾಗಿರಬಹುದು. ನಿರ್ಮಾಪಕರು ಪ್ರೇಕ್ಷಕರ ಮಾತಿಗೆ ಕಿವಿಗೊಡುವವರೇ. ನಾವು ಯಾವುದನ್ನು ಹೊಗಳುತ್ತೇವೆಯೋ ಅದನ್ನೇ ಮತ್ತೆ ತಯಾರಿಸುತ್ತಾರೆ. ಆದುದರಿಂದ ನನ್ನ ಸಹಪಾಠಿಗಳು ಮುಂದಿನ ಬಾರಿ ಹೊಡೆದಾಟದ ಚಿತ್ರವೊಂದನ್ನು ಕೊಂಡಾಡುವಾಗ, ಸಾಹಸ ಕಲಾವಿದರು ಸಂಜೆ ಕ್ಷೇಮವಾಗಿ ಮನೆಗೆ ಮರಳಿದರೇ ಎಂಬ ಪ್ರಶ್ನೆಯನ್ನೂ ಚರ್ಚೆಗೆ ಸೇರಿಸಿಕೊಳ್ಳಲಿ ಎಂದು ಪ್ರಾರ್ಥಿಸುತ್ತೇನೆ.